ನೂಲಿನಂತೆ ಸೀರೆ: ಜವಳಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ಕಡೆಯ ಸಣ್ಣ ಜವಳಿ ಅಂಗಡಿಯೊಂದರ ಗಾದಿ ಮೇಲೆ 30 ವರ್ಷ ಕೂತವನು ನಾನು. ಗಿರಾಕಿಗಳು ಕೇಳಿದ್ದರಲ್ಲಿ ಅರ್ಧಕ್ಕರ್ಧ ಬೆಲೆಯ ಮಾತು. ಅದನ್ನು ಇಲ್ಲಿ ಬಿಟ್ಟಿದ್ದೇನೆ. ಉಳಿದ ಪ್ರಶ್ನೆಗಳು ವರ್ಷವರ್ಷವೂ ಅವೇ. ಈಗ ಮೊಮ್ಮಕ್ಕಳ ಶಾಲೆಯ ಪ್ರಾಜೆಕ್ಟಿಗೂ ಅವನ್ನೇ ಕೇಳುತ್ತಾರೆ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಜವಳಿ ಅಂದರೆ ಬಟ್ಟೆ ತಾನೆ? ಬೇರೆ ಪದ ಯಾಕೆ ಬೇಕು?

ಬಟ್ಟೆ ಜವಳಿಯ ಒಂದು ಹಂತ. ನಾರು, ನಾರನ್ನು ಹೊಸೆದ ನೂಲು, ನೂಲಿನಿಂದ ನೇಯ್ದ ಇಲ್ಲವೇ ಹೆಣೆದ ಬಟ್ಟೆ, ಆ ಬಟ್ಟೆಯಿಂದ ಹೊಲಿದ ಅಂಗಿ ಇಷ್ಟೂ ಜವಳಿಯೇ. ಹೂ ಕಟ್ಟುವ ದಾರ, ಮಗುವಿನ ಸೊಂಟದ ಉಡುದಾರ, ಶಿವದಾರ, ಜನಿವಾರ ಇವೆಲ್ಲ ನೂಲಿನ ಹಂತದಲ್ಲೇ ಕೆಲಸಕ್ಕೆ ನಿಂತವು. ದೇವರ ಮುಂದಿನ ಹೂಬತ್ತಿ ಇನ್ನೂ ಒಂದು ಹಂತ ಹಿಂದೆ: ಅದು ನೂಲೂ ಆಗದ ಅರಳೆ. ಬಾವಿಯ ಹಗ್ಗ, ಹೊರಸಿನ ನವಾರು, ಗೋಣಿಚೀಲ, ಗಾಯಕ್ಕೆ ಸುತ್ತುವ ಬ್ಯಾಂಡೇಜು ಯಾವುದನ್ನೂ ನಾವು ‘ಬಟ್ಟೆ’ ಅನ್ನುವುದಿಲ್ಲ. ಜವಳಿಯ ಲೆಕ್ಕದಲ್ಲಿ ಮಾತ್ರ ಎಲ್ಲವೂ ಬರುತ್ತವೆ.

ಒಮ್ಮೆ ಒಬ್ಬ ಹುಡುಗ, ‘ಅವಳಿ-ಜವಳಿಯ ಜವಳಿಗೂ ನಿಮ್ಮ ಅಂಗಡಿಗೂ ಏನು ಸಂಬಂಧ?’ ಅಂತ ಕೇಳಿದ್ದ. ಉಚ್ಚಾರ ಒಂದೇ, ಅರ್ಥ ಬೇರೆ ಅಂದೆ. ಅವನಿಗೆ ಸಮಾಧಾನವಾಗಲಿಲ್ಲ.

ಅರಿವೆ, ಬಟ್ಟೆ, ವಸ್ತ್ರ ಎಲ್ಲ ಒಂದೇನಾ?

ಹೆಚ್ಚು ಕಡಿಮೆ ಒಂದೇ, ಊರು ಬೇರೆ. ನಮ್ಮ ಕಡೆ ಅರಿವೆ ಅನ್ನುವುದನ್ನು ಮೈಸೂರಿನವರು ಬಟ್ಟೆ ಅನ್ನುತ್ತಾರೆ. ನಮ್ಮಲ್ಲಿ ವಸ್ತ್ರ ಅಂದರೆ ಹೆಗಲ ಮೇಲಿನ ಟವೆಲ್ಲೂ ಆಗಬಹುದು. ಹಳಗನ್ನಡದಲ್ಲಂತೂ ಬಟ್ಟೆ ಅಂದರೆ ದಾರಿ.

ಸ್ಯಾಟಿನ್ ಅಂದರೆ ರೇಷ್ಮೆ ಅಲ್ಲವೇ? ಹೊಳೆಯುತ್ತದಲ್ಲ?

ಇದೊಂದು ಪ್ರಶ್ನೆಗೆ ಸರಿಯಾಗಿ ಉತ್ತರ ಸಿಕ್ಕರೆ ಅಂಗಡಿಯಲ್ಲಿ ಆಗುವ ಮೋಸದಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ. ಬಟ್ಟೆ ಕೈಗೆ ಬಂದಾಗ ಮೂರು ಸಂಗತಿ ಬೇರೆ ಬೇರೆಯಾಗಿ ಕೇಳಬೇಕು. ನಾರು ಯಾವುದು, ನೂಲು ಎಂಥದು, ನೇಯ್ಗೆ ಯಾವುದು. ಸ್ಯಾಟಿನ್ ಅನ್ನುವುದು ಮೂರನೆಯದಕ್ಕೆ ಉತ್ತರ. ಎಳೆಗಳು ಹಲವು ಎಳೆಗಳ ಮೇಲೆ ಹಾರಿ ಹೋಗಿ ಒಮ್ಮೆ ಮಾತ್ರ ಕೆಳಗೆ ಇಳಿಯುತ್ತವೆ. ಮೇಲ್ಮೈಯಲ್ಲಿ ಉದ್ದುದ್ದ ಎಳೆಗಳೇ ಮಲಗಿರುವುದರಿಂದ ಬೆಳಕು ಜಾರಿ ಹೊಳೆಯುತ್ತದೆ. ರೇಷ್ಮೆಯಲ್ಲಿ ನೇಯ್ದರೂ ಸ್ಯಾಟಿನ್, ಪಾಲಿಯೆಸ್ಟರಿನಲ್ಲಿ ನೇಯ್ದರೂ ಸ್ಯಾಟಿನ್. ಮದುವೆ ಸೀಸನ್ನಿನಲ್ಲಿ ಲೈನಿಂಗಿಗೆ ಮಾರಾಟವಾಗುವುದು ಹೆಚ್ಚಾಗಿ ಎರಡನೆಯದು.

ಡೆನಿಮ್, ಪಾಪ್ಲಿನ್, ವೆಲ್ವೆಟ್, ಜಾರ್ಜೆಟ್, ಶಿಫಾನ್, ಕ್ರೇಪ್ ಯಾವುದೂ ನಾರಿನ ಹೆಸರಲ್ಲ. ನಾರಿನ ಹೆಸರು ಬೇಕಾದರೆ ಹತ್ತಿ, ರೇಷ್ಮೆ, ಉಣ್ಣೆ, ಸೆಣಬು, ಲಿನನ್, ವಿಸ್ಕೋಸ್, ಪಾಲಿಯೆಸ್ಟರ್, ನೈಲಾನ್ ಇವುಗಳಲ್ಲಿ ಒಂದನ್ನು ಅಂಗಡಿಯವನ ಬಾಯಿಂದ ಹೇಳಿಸಿ, ಬಿಲ್ಲಿನ ಮೇಲೆ ಬರೆಸಿ. ‘ಆರ್ಟ್ ಸಿಲ್ಕ್’ ಅನ್ನುವಲ್ಲಿನ ಆರ್ಟ್ ಕಲೆಯಲ್ಲ, ‘ಆರ್ಟಿಫಿಷಿಯಲ್’ನ ತುಂಡು. ಇದು ಗೊತ್ತಿಲ್ಲದೆ ‘ಕಲಾತ್ಮಕ ರೇಷ್ಮೆ’ ಅಂದುಕೊಂಡು ಕೊಂಡವರನ್ನು ನೋಡಿದ್ದೇನೆ. ನನಗೂ ಒಮ್ಮೆ ಸಗಟು ವ್ಯಾಪಾರಿಯೊಬ್ಬರು ರೇಷ್ಮೆ ಅಂತ ಒಂದು ಬೇಲು ಕಳಿಸಿದ್ದರು. ಸೆರಗಿನ ಗೊಂಡೆಯಿಂದ ಒಂದು ಎಳೆ ಕಿತ್ತು ಸುಟ್ಟಾಗ ಟಾರಿನಂತೆ ಕರಗಿತು. ಬೇಲು ವಾಪಸ್ ಹೋಯಿತು, ಸಾಗಾಣಿಕೆ ಖರ್ಚು ನನ್ನ ತಲೆ ಮೇಲೆ.

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಅನ್ನುವ ಗಾದೆಯ ಎರಡನೇ ಭಾಗ ನಿಜವೋ ಸುಳ್ಳೋ ಆಯಾ ಮನೆಯವರೇ ಹೇಳಬೇಕು. ಮೊದಲ ಭಾಗ ಪಕ್ಕಾ.

ರೇಯಾನ್, ವಿಸ್ಕೋಸ್ ಅಂದರೆ ಪ್ಲಾಸ್ಟಿಕ್ಕೇ?

ಅಲ್ಲ. ಮರದ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ, ಸಣ್ಣ ತೂತುಗಳ ಮೂಲಕ ಹಿಂಡಿ, ಮತ್ತೆ ಗಟ್ಟಿ ಎಳೆ ಮಾಡಿದ್ದು. ಹತ್ತಿಯಲ್ಲಿರುವ ಸೆಲ್ಯುಲೋಸೇ ಇದರಲ್ಲೂ ಇರುವುದು. ತುಂಗಭದ್ರಾ ದಂಡೆಯಲ್ಲಿ ಹರಿಹರದ ಎದುರಿಗಿರುವ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಆಗುವುದು ಇದೇ ಕೆಲಸ. ಮೈಗೆ ತಂಪು, ಮಡಿಕೆ ಚೆನ್ನಾಗಿ ಬೀಳುತ್ತದೆ. ಒದ್ದೆಯಾದಾಗ ಮಾತ್ರ ಬಲ ಕಳೆದುಕೊಳ್ಳುತ್ತದೆ, ಆದ್ದರಿಂದ ಕಲ್ಲಿಗೆ ಬಡಿಯಬೇಡಿ. ‘ಬಿದಿರಿನ ಬಟ್ಟೆ’ ಅಂತ ದುಬಾರಿ ಬೆಲೆಗೆ ಬರುವುದೂ ಬಹುಪಾಲು ಬಿದಿರಿನ ತಿರುಳಿನಿಂದ ಮಾಡಿದ ವಿಸ್ಕೋಸೇ.

ಹಾಸು, ಹೊಕ್ಕು ಅಂದರೇನು?

ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ಕಟ್ಟಿದ ಎಳೆಗಳು ಹಾಸು. ಲಾಳಿಯೊಳಗೆ ಕೂತು ಎಡಕ್ಕೂ ಬಲಕ್ಕೂ ಓಡಾಡುವ ಎಳೆ ಹೊಕ್ಕು. ಕಾಲಿನಿಂದ ತುಳಿದಾಗ ಹಾಸಿನ ಎಳೆಗಳು ಅರ್ಧ ಮೇಲೆ, ಅರ್ಧ ಕೆಳಗೆ ಸರಿದು ನಡುವೆ ಬಾಯಿ ತೆರೆಯುತ್ತದೆ. ಅದರಲ್ಲಿ ಲಾಳಿ ಹಾದು ಹೋಗುತ್ತದೆ. ಹಣಿಗೆ ಆ ಎಳೆಯನ್ನು ಒತ್ತಿ ಕೂರಿಸುತ್ತದೆ. ‘ನಮ್ಮ ಬದುಕಿನಲ್ಲಿ ಹಾಸುಹೊಕ್ಕಾಗಿದೆ’ ಅಂತ ಭಾಷಣದಲ್ಲಿ ಬರುವ ಮಾತು ಹುಟ್ಟಿದ್ದು ಇಲ್ಲಿಂದಲೇ.

ಹಾಸಿನ ನೂಲು ಮಗ್ಗದ ಎಳೆತ, ಹಣಿಗೆಯ ತಿಕ್ಕಾಟ ತಡೆಯಬೇಕು. ಅದಕ್ಕೇ ಅದು ಹೆಚ್ಚು ಹುರಿಗೊಂಡಿರುತ್ತದೆ, ಗಂಜಿ ಕುಡಿದಿರುತ್ತದೆ. ದರ್ಜಿ ಪ್ಯಾಂಟನ್ನು ಬಟ್ಟೆಯ ಉದ್ದಕ್ಕೇ ಕತ್ತರಿಸುವುದಕ್ಕೆ ಕಾರಣವೂ ಇದೇ: ಉದ್ದಕ್ಕೆ ಬಲ ಹೆಚ್ಚು, ಸಡಿಲಾಗುವುದು ಕಡಿಮೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಡಿದು ಎಳೆದು ನೋಡಿ, ಅದೇ ಬಟ್ಟೆ ರಬ್ಬರಿನಂತೆ ಹಿಗ್ಗುತ್ತದೆ.

ಟೀ-ಶರ್ಟು, ಬನಿಯನ್ನು, ಸ್ವೆಟರುಗಳಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಅವು ಹೆಣಿಗೆ. ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸಿದ್ದು. ಹಿಗ್ಗುವುದು ಅದಕ್ಕೇ. ಒಂದು ಎಳೆ ಹರಿದರೆ ಏಣಿಯಂತೆ ಬಿಚ್ಚಿಕೊಳ್ಳುತ್ತಾ ಹೋಗುವುದೂ ಅದಕ್ಕೇ.

60 ಕೌಂಟ್, 80 ಕೌಂಟ್ ಅಂತಾರಲ್ಲ, ಅದೇನು?

ನೂಲಿನ ಸಣ್ಣತನದ ಅಳತೆ. ಒಂದು ಪೌಂಡು, ಅಂದರೆ ಸುಮಾರು 454 ಗ್ರಾಂ ಹತ್ತಿಯಿಂದ 840 ಗಜ ಉದ್ದದ ನೂಲಿನ ಸುತ್ತು, ಅಂದರೆ ಲಡಿ, ಎಷ್ಟು ಸಿಗುತ್ತವೆ ಅನ್ನುವುದೇ ಕೌಂಟು. 20 ಕೌಂಟಿನ ನೂಲು ಸುಮಾರು 15 ಕಿ.ಮೀ. ಉದ್ದ ಬರುತ್ತದೆ. 60 ಕೌಂಟಿನದಾದರೆ ಅಷ್ಟೇ ತೂಕದಲ್ಲಿ 46 ಕಿ.ಮೀ. ಸಂಖ್ಯೆ ದೊಡ್ಡದಾದಷ್ಟೂ ನೂಲು ಸಣ್ಣ. ಶರ್ಟ್ ಬಟ್ಟೆಯ ಅಂಚಿನಲ್ಲಿ 2/120 ಅಂತ ಕಂಡರೆ 120 ಕೌಂಟಿನ ಎರಡು ಎಳೆ ಸೇರಿಸಿ ಹುರಿಮಾಡಿದ್ದು ಅಂತ ಅರ್ಥ.

ರೇಷ್ಮೆ, ನೈಲಾನಿಗೆ ಲೆಕ್ಕ ತಿರುವುಮುರುವು. ಅಲ್ಲಿ ಡೆನಿಯರ್, 9000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. ಅಲ್ಲಿ ಸಂಖ್ಯೆ ಏರಿದರೆ ಎಳೆ ದಪ್ಪ. ಶಾಲಾ ಬ್ಯಾಗಿನ ಮೇಲೆ ದೊಡ್ಡ ಡೆನಿಯರ್ ಬರೆದಿರುವುದು ಆ ಕಾರಣಕ್ಕೆ.

ಬೆಡ್‌ಶೀಟಿನ ‘ಥ್ರೆಡ್ ಕೌಂಟ್’ ಮೂರನೆಯ ಜಾತಿ: ಒಂದು ಚದರ ಇಂಚಿನಲ್ಲಿ ಅಡ್ಡ ಉದ್ದ ಸೇರಿ ಎಷ್ಟು ಎಳೆ ಇವೆ ಅನ್ನುವುದು. 1000 ಅಂತ ಬರೆದ ಶೀಟುಗಳಲ್ಲಿ ಹುರಿಯೊಳಗಿನ ಎಳೆಗಳನ್ನೂ ಒಂದೊಂದಾಗಿ ಎಣಿಸಿರುವುದು ಸಾಮಾನ್ಯ. ಸಂಖ್ಯೆ ನೋಡಿ ದುಡ್ಡು ಸುರಿಯುವ ಬದಲು ಶೀಟನ್ನು ಬೆಳಕಿಗೆ ಹಿಡಿದು ನೋಡಿ.

ಖಾದಿ, ಕೈಮಗ್ಗ, ಪವರ್‌ಲೂಮ್: ವ್ಯತ್ಯಾಸ ಏನು?

ನೂಲೂ ಕೈಯದು, ನೇಯ್ಗೆಯೂ ಕೈಯದು ಆದರೆ ಖಾದಿ. ಗಿರಣಿಯ ನೂಲು ತಂದು ಕೈಯಲ್ಲಿ ನೇಯ್ದರೆ ಕೈಮಗ್ಗ. ವಿದ್ಯುತ್ತು ನೇಯ್ದರೆ ಪವರ್‌ಲೂಮ್. ನಮ್ಮ ರಬಕವಿ-ಬನಹಟ್ಟಿ, ಬೆಂಗಳೂರಿನ ಮಗ್ಗುಲಿನ ದೊಡ್ಡಬಳ್ಳಾಪುರ ಪವರ್‌ಲೂಮಿನ ಊರುಗಳು. ಪವರ್‌ಲೂಮ್ ಅಂದರೆ ಕಳಪೆ ಅಂತ ಮೂಗು ಮುರಿಯುವುದು ಸರಿಯಲ್ಲ. ಪವರ್‌ಲೂಮಿನದನ್ನು ಕೈಮಗ್ಗ ಅಂತ ಮಾರುವುದು ಮಾತ್ರ ಕಳ್ಳತನ. 1985ರ ಕಾಯ್ದೆಯೊಂದು ಕೆಲವು ಬಗೆಯ ಸೀರೆ, ಧೋತರ, ಟವೆಲ್, ಲುಂಗಿ, ಜಮಖಾನ ಸೇರಿ 11 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿದೆ. ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಅದು ಎಷ್ಟು ಪಾಲನೆಯಾಗುತ್ತಿದೆ ಅಂತ ನಿಮಗೇ ತಿಳಿಯುತ್ತದೆ.

ಅಂಚು ನೋಡಿ ಗುರುತಿಸಿ. ಕೈಮಗ್ಗದ ಬಟ್ಟೆಯಲ್ಲಿ ಅಗಲ ಸರಿಯಾಗಿ ನಿಲ್ಲಲೆಂದು ಚುಚ್ಚಿ ಹಿಡಿಸಿದ ಕಡ್ಡಿಯ ಸಣ್ಣ ತೂತುಗಳು ಎರಡೂ ಅಂಚಿನಲ್ಲಿ ಅಲ್ಲಲ್ಲಿ ಕಾಣುತ್ತವೆ. ಹೊಕ್ಕು ಕೊಂಚ ದಟ್ಟ, ಕೊಂಚ ತೆಳು ಆಗಿರುತ್ತದೆ. ಕೈಮಗ್ಗದ ಬಟ್ಟೆಗೆ ‘ಹ್ಯಾಂಡ್‌ಲೂಮ್ ಮಾರ್ಕ್’ ಚೀಟಿ 2006ರಿಂದ ಇದೆ, ಕೇಳಿ. ಪ್ರತಿ ಆಗಸ್ಟ್ 7ರಂದು ರಾಷ್ಟ್ರೀಯ ಕೈಮಗ್ಗ ದಿನ ಮಾಡುತ್ತಾರೆ. 1905ರಲ್ಲಿ ಕೋಲ್ಕತ್ತದ ಟೌನ್‌ಹಾಲಿನಲ್ಲಿ ಸ್ವದೇಶಿ ಚಳವಳಿ ಘೋಷಣೆಯಾದದ್ದು ಅದೇ ತಾರೀಖಿನಂದು. ಆ ದಿನ ಡಿಸ್ಕೌಂಟೂ ಇರುತ್ತದೆ.

ಖಾದಿಯ ರಾಷ್ಟ್ರಧ್ವಜ ಹುಬ್ಬಳ್ಳಿಯಲ್ಲಿ ಆಗುವುದು ನಿಜವೇ?

ನಿಜ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರ ನವೆಂಬರ್ 1ರಂದು ಹುಟ್ಟಿದ್ದು. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮುದ್ರೆ ಪಡೆದು ಖಾದಿ ಧ್ವಜ ಮಾಡುವ ಕೇಂದ್ರವೆಂದು ಹೆಸರಾಗಿದೆ. ಧಾರವಾಡ ಹತ್ತಿರದ ಗರಗ, ನಮ್ಮ ಜಿಲ್ಲೆಯ ತುಳಸಿಗೇರಿಯ ಕಡೆ ನೂಲು, ಬಟ್ಟೆ ತಯಾರಾಗುತ್ತದೆ. ಬೆಂಗೇರಿಯಲ್ಲಿ ಬಣ್ಣ, ಚಕ್ರದ ಮುದ್ರಣ, ಹೊಲಿಗೆ. ದುಡಿಯುವವರು ಬಹುತೇಕ ಹೆಣ್ಣುಮಕ್ಕಳು. ಧ್ವಜಕ್ಕೆ ಒಂಬತ್ತು ಅಳತೆ ಇವೆ. ಅತಿ ದೊಡ್ಡದು 21 ಅಡಿಗೆ 14 ಅಡಿ, ಅತಿ ಚಿಕ್ಕದು 6 ಇಂಚಿಗೆ 4 ಇಂಚು. ಎಲ್ಲದರಲ್ಲೂ ಉದ್ದ-ಎತ್ತರದ ಲೆಕ್ಕ 3:2.

ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ಆದ ತಿದ್ದುಪಡಿಯಿಂದ ಯಂತ್ರದ ಬಟ್ಟೆ, ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಅಗ್ಗವಾಯಿತು, ಮನೆಮನೆಗೂ ಬಂತು. ಕೈಯಲ್ಲಿ ನೂತವರ ಹೊಟ್ಟೆಗೆ ಪೆಟ್ಟು ಬಿತ್ತು ಅನ್ನುವುದು ನನ್ನ ಅಭಿಪ್ರಾಯ.

ಅಸಲಿ ಇಳಕಲ್ ಸೀರೆ ಗುರುತಿಸುವುದು ಹೇಗೆ?

ಸೆರಗು ಮೈಯನ್ನು ಕೂಡುವ ಜಾಗಕ್ಕೆ ಹೋಗಿ. ಇಳಕಲ್ ಸೀರೆಯ ಜೀವ ಅಲ್ಲಿದೆ.

ಬೇರೆ ಬಹುಪಾಲು ಸೀರೆಗಳಲ್ಲಿ ಮೈಗೂ ಸೆರಗಿಗೂ ಒಂದೇ ಹಾಸು. ಇಳಕಲ್‌ನಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಯದು ಹತ್ತಿಯದಾದರೂ ಸೆರಗಿನದು ಕೆಂಪು ರೇಷ್ಮೆ. ಈ ಎರಡು ಹಾಸುಗಳನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸಿ ಎಳೆ ಎಳೆಯಾಗಿ ಕೂಡಿಸಬೇಕು. ಸಾವಿರಾರು ಎಳೆ, ಪ್ರತಿ ಸೀರೆಗೂ ಹೊಸದಾಗಿ. ಹಾಗಾಗಿ ಥಾನುಗಟ್ಟಲೆ ನೇಯುವಂತಿಲ್ಲ. ಒಂದು ಸೀರೆ ಮುಗಿದ ಮೇಲೆ ಇನ್ನೊಂದು. ಸೀರೆಯನ್ನು ತಿರುಗಿಸಿ ಆ ಗೆರೆಯ ಮೇಲೆ ಬೆರಳಾಡಿಸಿದರೆ ಕುಣಿಕೆಗಳ ಸಾಲು ಕೈಗೆ ತಾಗುತ್ತದೆ. ನಕಲಿಯಲ್ಲಿ ಮೈಯ ಬಣ್ಣದ ಎಳೆಗಳೇ ಸೆರಗಿನೊಳಕ್ಕೂ ಹರಿದು ಹೋಗಿರುತ್ತವೆ. ಕೆಂಪಿನ ನಡುವೆ ನೀಲಿಯೋ ಹಸಿರೋ ಇಣುಕುತ್ತದೆ.

ಸೆರಗಿನಲ್ಲಿ ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿಯ ಪಟ್ಟಿ. ಬಿಳಿಯ ಕುಸುರಿಗೆ ನೇಕಾರರು ಇಟ್ಟ ಹೆಸರು ಕೇಳಿ: ಹಣಿಗೆ, ಕೋಟೆಯ ತೆನೆಯಂಥ ಕೋಟಿ ಕಮ್ಮಲಿ, ಜೋಳದ ತೆನೆಯಾದ ತೋಪು ತೆನಿ, ಗುಡ್ಡದ ಸಾಲಾದ ರಂಪ. ಹೊಲ, ಗುಡ್ಡ, ಕೋಟೆ ಬಿಟ್ಟು ಹೊರಗೆ ಹೋಗಿಲ್ಲ. ಅಂಚಿನ ವಿನ್ಯಾಸಗಳಿಗೆ ಚಿಕ್ಕಿ, ಗೋಮಿ, ಪರಾಸಪೇಟ, ಗಾಡಿ ಅಂತ ಹೆಸರು. 9 ಗಜದ್ದನ್ನು ಕಚ್ಚೆ ಹಾಕಿ ಉಡುವವರು ಮಹಾರಾಷ್ಟ್ರದಲ್ಲೂ ಇದ್ದಾರೆ.

ಇದಕ್ಕೆ ಜೊತೆಯಾಗಿ ಗುಳೇದಗುಡ್ಡದ ಖಣದ ಕುಪ್ಪಸ. ಖಣ ಅಂದರೆ ಕುಪ್ಪಸಕ್ಕೆ ಬೇಕಾದಷ್ಟೇ ಬಟ್ಟೆಯ ತುಂಡು. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲಿನ ಜೊತೆ ಇಡುವುದೂ ಅದನ್ನೇ. ಈಗ ಅದರಲ್ಲಿ ಪರ್ಸು, ಡೈರಿಯ ರಟ್ಟು, ಗಂಡುಮಕ್ಕಳ ಜಾಕೀಟು ಎಲ್ಲ ಬಂದಿವೆ. ಮೊದಮೊದಲು ನನಗೆ ಸರಿ ಕಾಣಲಿಲ್ಲ. ಮಗ್ಗ ನಡೆಯುತ್ತದಲ್ಲ ಅಂತ ಸುಮ್ಮನಾದೆ.

ಕಸೂತಿ ಅಂದರೆ ಎಂಬ್ರಾಯ್ಡರಿಯೇ?

ಹೌದು, ಧಾರವಾಡ ಸೀಮೆಯದು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ ಎಳೆ ಎಣಿಸಿ ಹಾಕುತ್ತಾರೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಅಂತ ನಾಲ್ಕು ಬಗೆ. ಮೊದಲ ಎರಡರಲ್ಲಿ ಹಿಂದೂ ಮುಂದೂ ಒಂದೇ ಥರ ಕಾಣಬೇಕು, ಗಂಟು ಸಿಗಬಾರದು. ತಿರುಗಿಸಿ ನೋಡಿ. ಹಿಂಬದಿಯಲ್ಲಿ ದಾರ ಅಡ್ಡಾದಿಡ್ಡಿ ಜೋತುಬಿದ್ದಿದ್ದರೆ ಅದು ಸರಿಯಾದ ಗವಂತಿ, ಮುರ್ಗಿ ಅಲ್ಲ.

ಮೈಸೂರು ಸಿಲ್ಕ್ ಯಾಕಷ್ಟು ದುಬಾರಿ?

1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ 32 ಮಗ್ಗ ತರಿಸಿ ಶುರುವಾದ ಕಾರ್ಖಾನೆ ಅದು. ಯಂತ್ರಮಗ್ಗವೇ. ಮೈಸೂರು ಸಿಲ್ಕ್ ಕೈಮಗ್ಗದ್ದು ಅಂದುಕೊಂಡವರಿಗೆ ಇದು ಹೊಸ ಸುದ್ದಿ. 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ನೂಲನ್ನು ಬಿಗಿಯಾಗಿ ಹುರಿಮಾಡಿ ನೇಯ್ದು, ಆಮೇಲೆ ಬೇಯಿಸಿದಾಗ ಬಟ್ಟೆ ಸಣ್ಣಗೆ ಸುರುಳಿಗೊಂಡು ಕ್ರೇಪ್ ಆಗುತ್ತದೆ. ಆ ಜೋತುಬೀಳುವ ಗುಣ ಬರುವುದು ಅದರಿಂದ. ಜರಿ ಬೆಳ್ಳಿಯದು, ಮೇಲೆ ಬಂಗಾರದ ತೆಳು ಲೇಪ. ಬಂಗಾರ ನೂರಕ್ಕೆ ಒಂದು ಪಾಲೂ ಇರುವುದಿಲ್ಲ.

ರೇಷ್ಮೆಯೇ ಸೋವಿಯ ಸರಕಲ್ಲ. ಒಂದು ಗೂಡಿನಿಂದ ಸಾವಿರ ಮೀಟರಿನ ಆಸುಪಾಸು ಎಳೆ ಬಿಚ್ಚುತ್ತದೆ. ಒಂದು ಸೀರೆಗೆ ಗೂಡುಗಳು ಸಾವಿರಗಟ್ಟಲೆ ಬೇಕು. ಎಳೆಯ ಮೇಲಿನ ಅಂಟು ತೆಗೆಯಲು ಸೋಪಿನ ನೀರಲ್ಲಿ ಕುದಿಸಿದಾಗ ತೂಕದ ಐದನೇ ಒಂದರಿಂದ ನಾಲ್ಕನೇ ಒಂದು ಪಾಲು ಕರಗಿ ಹೋಗುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಹೋಗಿ ನಿಂತು ನೋಡಿ, ಆಮೇಲೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ.

ಅಸಲಿ ರೇಷ್ಮೆ ಪರೀಕ್ಷೆ ಮನೆಯಲ್ಲೇ ಮಾಡಬಹುದೇ?

ಮಾಡಬಹುದು. ಅಂಚಿನಿಂದ ಹಾಸಿನ ಒಂದೆರಡು ಎಳೆ, ಹೊಕ್ಕಿನ ಒಂದೆರಡು ಎಳೆ ಕೀಳಿ. ಎರಡನ್ನೂ ಬೇರೆ ಬೇರೆ ಸುಡಬೇಕು, ಏಕೆಂದರೆ ಒಂದರಲ್ಲಿ ರೇಷ್ಮೆ, ಇನ್ನೊಂದರಲ್ಲಿ ಪಾಲಿಯೆಸ್ಟರ್ ಹಾಕುವ ಜಾಣರಿದ್ದಾರೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಉಣ್ಣೆಯೂ ಹೀಗೇ, ಎರಡೂ ಪ್ರೋಟೀನು. ಹತ್ತಿ, ವಿಸ್ಕೋಸಿಗೆ ಕಾಗದ ಸುಟ್ಟ ವಾಸನೆ, ಹಗುರ ಬೂದಿ. ಪಾಲಿಯೆಸ್ಟರ್ ಸುಡುವುದಕ್ಕೆ ಮೊದಲೇ ಮುದುರಿ ಕರಗಿ, ತಣ್ಣಗಾದ ಮೇಲೆ ಗಟ್ಟಿ ಮಣಿಯಾಗುತ್ತದೆ. ಕೈಯಿಂದ ಹಿಡಿಯಬೇಡಿ, ಚಿಮಟಿಗೆ ಬಳಸಿ, ಕೆಳಗೆ ತಟ್ಟೆ ಇಡಿ.

ಅಂಗಡಿಯಲ್ಲಿ ಸುಡಲು ಬಿಡದಿದ್ದರೆ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಉಂಗುರದೊಳಗೆ ಸೀರೆ ತೂರಿಸಿ ತೋರಿಸುವುದು ಬರೀ ಆಟ. ನಯವಾದ ಪಾಲಿಯೆಸ್ಟರೂ ತೂರುತ್ತದೆ.

ಬೇಸಿಗೆಗೆ ಕಾಟನ್ ಯಾಕೆ? ಪಾಲಿಯೆಸ್ಟರ್ ಹಾಕಿದರೆ ಯಾಕೆ ಬೆವರು ನಾರುತ್ತದೆ?

100 ಗ್ರಾಂ ಒಣ ಹತ್ತಿ ಸಾಧಾರಣ ಹವೆಯಲ್ಲಿ ಸುಮಾರು 8 ಗ್ರಾಂ ತೇವ ಹೀರಿಕೊಂಡಿರುತ್ತದೆ. ರೇಷ್ಮೆ 11, ಉಣ್ಣೆ 16ರ ಹತ್ತಿರ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಬೆವರು ನಾರಿನೊಳಕ್ಕೆ ಹೋಗದೆ ಚರ್ಮದ ಮೇಲೇ ನಿಲ್ಲುತ್ತದೆ. ಮೈಯ ಎಣ್ಣೆಯಂಶವನ್ನು ಮಾತ್ರ ಪಾಲಿಯೆಸ್ಟರ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ವಾಸನೆಗೆ ಅದೇ ಮೂಲ. ಚಳಿಗಾಲದ ಒಣಹವೆಯಲ್ಲಿ ಅಂಗಿ ತೆಗೆಯುವಾಗ ಚಟಪಟ ಕಿಡಿ ಹಾರುವುದೂ ಅದರಲ್ಲಿ ತೇವ ಇಲ್ಲದ ಕಾರಣಕ್ಕೇ. ಹಾಗಂತ ಆಟಗಾರರ ಜೆರ್ಸಿ ಪಾಲಿಯೆಸ್ಟರಿನದೇ. ನಾರಿನ ಆಕಾರ, ಹೆಣಿಗೆ ಬದಲಿಸಿ ಬೆವರು ಹೊರಮೈಗೆ ಹರಿದು ಬೇಗ ಆರುವಂತೆ ಮಾಡಿರುತ್ತಾರೆ. ಕಾಟನ್ ಅಂಗಿ ತೊಟ್ಟು ಎರಡು ತಾಸು ಓಡಿದರೆ ಒದ್ದೆ ಗೋಣಿ ಹೊದ್ದಂತಾಗುತ್ತದೆ.

ಹಾಗಾದರೆ ಮಳೆಯಲ್ಲಿ ಕಂಬಳಿ ಹೊದೆಯುವುದು ಏಕೆ? ಉಣ್ಣೆ ನೀರು ಹೀರುತ್ತದಲ್ಲ?

ಒಳ್ಳೆಯ ಪ್ರಶ್ನೆ, ಯಾರೋ ತಲೆ ಓಡಿಸಿ ಕೇಳಿದ್ದು. ಉಣ್ಣೆ ಹೀರುವುದು ಹವೆಯ ತೇವವನ್ನು, ಎಳೆಯ ಒಳಗೆ. ಎಳೆಯ ಹೊರಮೈಗೆ ಮೀನಿನಂಥ ಹುರುಪೆ, ಜಿಡ್ಡು ಇರುವುದರಿಂದ ಮಳೆಹನಿ ಉರುಳಿ ಹೋಗುತ್ತದೆ. ನಮ್ಮ ದಖ್ಖನಿ ಕುರಿಯ ಕರಿ ಉಣ್ಣೆ ಒರಟು. ಕುರುಬರು ನೂತು ನೇಯ್ದು ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಅದು ಎಳೆಗಳ ಸಂದು ಮುಚ್ಚಿ ಕಂಬಳಿಯನ್ನು ತಗಡಿನಂತೆ ಬಿಗಿ ಮಾಡುತ್ತದೆ. ಅದನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಮಲೆನಾಡಿನ ನಾಟಿಗದ್ದೆಯಲ್ಲಿ ಬಗ್ಗಿ ದುಡಿಯಬಹುದು. ಒದ್ದೆಯಾದರೂ ಬೆಚ್ಚಗೆ. ಪ್ಲಾಸ್ಟಿಕ್ ಹಾಳೆಯಲ್ಲಿ ಮಳೆ ಹೊರಗೆ, ಬೆವರು ಒಳಗೆ.

ಮೈಗೆ ಚುಚ್ಚುತ್ತದೆ ಅನ್ನುವುದು ನಿಜ. ಕಂಬಳಿ ಹಾಸಿ ಕೂತು ಉಣ್ಣುವಾಗ ಕೂದಲು ಎಣಿಸಬಾರದು ಅಂತ ಹಿರಿಯರು ಹೇಳಿದ್ದಾರಲ್ಲ.

ಸ್ವೆಟರ್ ಒಗೆದ ಮೇಲೆ ಮಗುವಿನ ಅಳತೆಗೆ ಬಂತು. ಏನಾಯಿತು?

ಅದೇ ಹುರುಪೆಗಳು ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದಾಗ ಒಂದಕ್ಕೊಂದು ಸಿಕ್ಕಿ ಜಡೆಗಟ್ಟಿದವು. ಬಿಚ್ಚಲು ಬರುವುದಿಲ್ಲ. ಕಾಟನ್ ಕುಗ್ಗುವುದು ಬೇರೆ ಕಾರಣಕ್ಕೆ: ಮಗ್ಗದಲ್ಲಿ ಎಳೆದು ಕಟ್ಟಿದ ನೂಲು ನೀರು ಕಂಡಾಗ ಸಡಿಲಾಗಿ ಮೊದಲಿನ ಸ್ಥಿತಿಗೆ ಮರಳುತ್ತದೆ. ಹೊಲಿಸುವ ಮೊದಲು ಬಟ್ಟೆ ನೆನೆಹಾಕಿ ಒಣಗಿಸಿದರೆ ಸಾಕು.

ಹೊಸ ಬಟ್ಟೆ ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಯೇ?

ನನ್ನ ಅಜ್ಜಿಯೂ ಹೇಳುತ್ತಿದ್ದಳು, ನಾನೂ ಗಿರಾಕಿಗಳಿಗೆ ಹೇಳಿದ್ದೇನೆ, ತಪ್ಪು. ಬಣ್ಣ ಹಾಕುವ ಹಂಡೆಯಲ್ಲಿ ಉಪ್ಪಿಗೆ ಕೆಲಸವಿದೆ. ನೀರಿನಲ್ಲಿರುವ ಬಣ್ಣವನ್ನು ಹತ್ತಿಯ ಕಡೆಗೆ ತಳ್ಳುತ್ತದೆ. ಮನೆಗೆ ಬಂದ ಮೇಲೆ ಉಪ್ಪು ಹಾಕಿದರೆ ನಿಲ್ಲದ ಬಣ್ಣ ನಿಲ್ಲುವುದಿಲ್ಲ. ಮೊದಲ ಎರಡು ಮೂರು ಸಲ ತಣ್ಣೀರಲ್ಲಿ ಬೇರೆಯಾಗಿ ಒಗೆಯಿರಿ, ನೆನೆಯಲು ಬಿಡಬೇಡಿ, ನೆರಳಲ್ಲಿ ಒಣಗಿಸಿ. ರೇಷ್ಮೆಗೆ ಅಂಟುವಾಳದ ನೊರೆ ಸಾಕು.

ಗಿಡಮೂಲದ ಬಣ್ಣ ಹೇಗೆ ನಿಲ್ಲುತ್ತದೆ ಅಂತಲೂ ಕೇಳುತ್ತಾರೆ. ಪಟಕ ಮುಂತಾದ ಲವಣ ನಾರಿಗೂ ಬಣ್ಣಕ್ಕೂ ನಡುವೆ ಕೊಂಡಿಯಾಗುತ್ತದೆ. ಸಾಗರ ತಾಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಅಡಿಕೆ ಬೇಯಿಸಿದ ಚೊಗರನ್ನೇ ಬಣ್ಣಕ್ಕೆ ಬಳಸುತ್ತಾರೆ. ಅಡಿಕೆ ಕಲೆ ಅಂಗಿಯಿಂದ ಹೋಗುವುದಿಲ್ಲ ಅಂತ ಬೈಯುತ್ತೇವಲ್ಲ, ಆ ಗುಣವನ್ನೇ ದುಡಿಸಿಕೊಂಡಿದ್ದಾರೆ.

ಜೀನ್ಸ್ ಮಂಡಿಯ ಹತ್ತಿರ ಬೆಳ್ಳಗಾಗುವುದು ಯಾಕೆ?

ಜೀನ್ಸಿಗೆ ಹಾಕುವ ನೀಲಿಯು ನೀರಿನಲ್ಲಿ ಕರಗದ ಬಣ್ಣ. ರಾಸಾಯನಿಕ ಹಾಕಿ ಕರಗುವಂತೆ ಮಾಡಿ ನೂಲು ಅದ್ದುತ್ತಾರೆ, ಎತ್ತಿದಾಗ ಹಳದಿ-ಹಸಿರು, ಗಾಳಿ ತಾಗಿದ ಕ್ಷಣಗಳಲ್ಲಿ ನೀಲಿ. ಎಷ್ಟು ಸಲ ಅದ್ದಿದರೂ ಬಣ್ಣ ನೂಲಿನ ಸಿಪ್ಪೆಯಲ್ಲೇ ಕೂರುತ್ತದೆ, ತಿರುಳು ಬಿಳಿಯಾಗೇ ಉಳಿಯುತ್ತದೆ. ಮಂಡಿಯಲ್ಲಿ ಸಿಪ್ಪೆ ಸವೆದಾಗ ತಿರುಳು ಕಾಣುತ್ತದೆ. ಹಾಸು ನೀಲಿ, ಹೊಕ್ಕು ಬಿಳಿ ಆದ್ದರಿಂದ ಒಳಮೈ ಬೆಳ್ಳಗೆ. ನಮ್ಮಲ್ಲಿ ಬಳ್ಳಾರಿಯ ಗಲ್ಲಿಗಲ್ಲಿಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಹೊಲಿದ ಮೇಲೆ ‘ಹಳತು’ ಕಾಣಿಸಲು ತೊಳೆಯುವ ಕೆಲಸಕ್ಕೆ ನೀರು ಬಹಳ ಬೇಕು, ಆ ಬಣ್ಣದ ನೀರಿನದೇ ದೊಡ್ಡ ತಕರಾರು.

ಉಡುವುದು, ಹೊದೆಯುವುದು ಬಿಟ್ಟರೆ ಜವಳಿ ಎಲ್ಲೆಲ್ಲಿದೆ?

ಮಗ್ಗ ನೋಡದ ಕಡೆಯೆಲ್ಲ ಇದೆ. ಬೆಳಿಗ್ಗೆ ಕಾಫಿ ಸೋಸುವ ಅರಿವೆ, ಟೀ ಬ್ಯಾಗು. ಮೊಸರು ಕಟ್ಟಿಡುವ ಮಲ್‌ಬಟ್ಟೆ. ಸ್ಕೂಟರಿನ ಟೈರ್ ಸವೆದಾಗ ರಬ್ಬರಿನೊಳಗೆ ಕಾಣುವ ನೂಲು, ಕಾರಿನ ಸೀಟ್ ಬೆಲ್ಟು, ಅಪಘಾತವಾದರೆ ಉಬ್ಬುವ ನೈಲಾನ್ ಏರ್‌ಬ್ಯಾಗು. ಆಸ್ಪತ್ರೆಯ ಗಾಜ್, ಹೊಲಿಗೆ ದಾರ. ಅಡಿಕೆ ಸಸಿಗೆ ನೆರಳು ಕೊಡುವ ಹಸಿರು ಬಲೆ. ಹೊಸ ರಸ್ತೆಯಲ್ಲಿ ಮಣ್ಣಿಗೂ ಜಲ್ಲಿಗೂ ನಡುವೆ ಹಾಸುವ ಬಟ್ಟೆ, ನೀರನ್ನು ಬಿಟ್ಟು ಮಣ್ಣನ್ನು ತಡೆಯಲು. ಇವಕ್ಕೆ ತಾಂತ್ರಿಕ ಜವಳಿ ಅಂತ ಹೆಸರು. ಕೇಂದ್ರ ಸರ್ಕಾರ 2020ರಲ್ಲಿ 1480 ಕೋಟಿ ರೂಪಾಯಿಯ ಯೋಜನೆಯನ್ನೇ ಇದಕ್ಕೆ ತಂದಿತು.

ಗೋಣಿಚೀಲ ಸೆಣಬಿನದು. ನಮ್ಮ ಹೊಲದ ಬದುವಿನ ಪುಂಡಿಯೂ ಆ ಕೆಲಸಕ್ಕೆ ಬರುತ್ತದೆ. ಎಲೆ ಕಿತ್ತು ಪಲ್ಯ ಮಾಡಿ ರೊಟ್ಟಿ ಉಂಡಾದ ಮೇಲೆ ಬಲಿತ ಕಾಂಡವನ್ನು ನೀರಲ್ಲಿ ಕೊಳೆಹಾಕಿ ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು.

ಇನ್ನು ಅಂಗಡಿಗಳಲ್ಲಿ ‘ಬಟ್ಟೆ ಚೀಲ’ ಅಂತ ಕೊಡುವ ಬಣ್ಣಬಣ್ಣದ ಹಗುರ ಚೀಲ. ಹತ್ತಿರ ಹಿಡಿದು ನೋಡಿ, ಹಾಸೂ ಇಲ್ಲ ಹೊಕ್ಕೂ ಇಲ್ಲ, ಚುಕ್ಕಿ ಚುಕ್ಕಿ ಒತ್ತಿದ ಗುರುತು. ಅದು ಪ್ಲಾಸ್ಟಿಕ್ ನಾರನ್ನು ಶಾಖದಿಂದ ಅಂಟಿಸಿದ್ದು. ಬಿಸಿಲಿಗಿಟ್ಟರೆ ಕೆಲವು ತಿಂಗಳಲ್ಲಿ ಪುಡಿ ಉದುರುತ್ತದೆ.

ಹಳೆಯ ಬಟ್ಟೆ ಏನು ಮಾಡುವುದು?

ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಹುಟ್ಟಿದ್ದೇ ಇತ್ತೀಚೆಗೆ. ಹತ್ತಿ ಸೀರೆ ಹಳತಾದಷ್ಟೂ ಮೆತ್ತಗಾಗುತ್ತದೆ. ಹುಟ್ಟಿದ ಕೂಸನ್ನು ಹೊಸ ಬಟ್ಟೆಯಲ್ಲಿ ಸುತ್ತುವುದಿಲ್ಲ, ಅಜ್ಜಿಯ ಸೀರೆಯಲ್ಲಿ ಸುತ್ತುತ್ತಾರೆ. ಅದೇ ಸೀರೆ ಜೋಳಿಗೆ ತೊಟ್ಟಿಲಾಗುತ್ತದೆ, ಆಮೇಲೆ ಕೌದಿಯೊಳಗೆ ಹೋಗುತ್ತದೆ, ಕೌದಿ ಹರಿದರೆ ಒಲೆಯ ಮಸಿಅರಿವೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ಅನ್ನುವ ಕೌದಿಗೆ ನಾಲ್ಕು ಮೂಲೆಯಲ್ಲೂ ತ್ರಿಕೋನದ ಮಡಿಕೆಗಳ ಹೂ ಇರಲೇಬೇಕು. ಅವರ ಲೆಕ್ಕದಲ್ಲಿ ಅದಿಲ್ಲದೆ ಕವಂದಿ ಮುಗಿದಂತಲ್ಲ.

ಕೌದಿಗೆ ಪಾಲಿಯೆಸ್ಟರ್ ಸೀರೆ ಆಗುತ್ತದೆಯೇ?

ಮೇಲ್ಪದರಕ್ಕೆ ಹಾಕುವವರಿದ್ದಾರೆ, ಬಣ್ಣ ಮಾಸುವುದಿಲ್ಲ, ಬೇಗ ಒಣಗುತ್ತದೆ. ಹೊಲಿಯುವಾಗ ಪದರ ಜಾರುತ್ತದೆ, ಆದ್ದರಿಂದ ಮೊದಲು ದೊಡ್ಡ ಹೊಲಿಗೆ ಹಾಕಿ ನಿಲ್ಲಿಸಿಕೊಳ್ಳಿ. ಒಳಗೆ, ಮೈಗೆ ತಾಗುವ ಬದಿಗೆ ಮಾತ್ರ ಹಳೇ ಕಾಟನ್ನೇ ಇರಲಿ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಪೂರ್ತಿ ಪಾಲಿಯೆಸ್ಟರಿನದೊಂದು ಹೊಲಿಸಿದೆವು. ನೋಡಲು ಚೆಂದ, ಹೊದ್ದರೆ ರಾತ್ರಿಯೆಲ್ಲ ಮೈಮೇಲಿಂದ ಜಾರಿ ನೆಲಕ್ಕೆ ಬೀಳುತ್ತದೆ. ಈಗ ಅದು ಟ್ರ್ಯಾಕ್ಟರಿನ ಸೀಟಿನ ಮೇಲಿದೆ.